ಆಪ್ತಸಲಹೆ ಪ್ರಕರಣ: “ಸರಿಯಾ ಅಮ್ಮಾ?” ಅಂತ ಕೇಳ್ತಲೇ ಇದ್ದ ಹುಡುಗ

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ.)

ಬದಿಯಡ್ಕ ಕಡೆಯ ಮನೆ, ಹುಡುಗನಿಗೆ 4 ವರ್ಷ, ಅಪ್ಪ ದುಬೈಲಿ. ಅಮ್ಮನ ದೂರು, “ಮೇಡಂ, ಬರೀಲಿಕ್ಕೆ ಕೂರಿಸಿದ್ರೆ ಅಳ್ತಾನೆ, ಪೆನ್ಸಿಲ್ ಬಿಸಾಡ್ತಾನೆ, ಎಲ್‌ಕೆಜಿಯಲ್ಲಿ ಉಳಿದ ಮಕ್ಕಳೆಲ್ಲ ಎಬಿಸಿಡಿ ಬರೀತಾರೆ, ಇವನಿಗೆ ಗೆರಟೆ, ಮಣ್ಣು, ತೋಟದಲ್ಲಿ ಅಡಿಕೆ ಹಾಳೆ ಎಳೆಯುದು, ಇಷ್ಟೇ.” ದಿನಾ ಸಂಜೆ ಒಂದೂವರೆ ಗಂಟೆ ಬರೆಸುದು, ರಾತ್ರಿ ವಿಡಿಯೋ ಕಾಲಲ್ಲಿ ಅಪ್ಪನೂ “ಇವತ್ತು ಎಂತ ಕಲ್ತೆ, ಹೇಳು ನೋಡುವ” ಅಂತ ಶುರು.

ಬ್ಲಾಕ್ಸ್, ಲೋಟ, ತಟ್ಟೆ ಇಟ್ಟು ಇಬ್ಬರನ್ನೂ ಆಡ್ಲಿಕ್ಕೆ ಬಿಟ್ಟೆ. ಅವ ಒಂದು ಬ್ಲಾಕ್ ಇಡುದು, ಅಮ್ಮನ ಮುಖ ನೋಡುದು, “ಸರಿಯಾ ಅಮ್ಮಾ?” ಅಮ್ಮ ಪ್ರೀತಿಯಿಂದಲೇ, “ಅದಲ್ಲ ಪುಟ್ಟಾ, ದೊಡ್ಡದು ಕೆಳಗೆ, ಇದು ಎಂತ ಕಲರ್, ಎಷ್ಟುಂಟು ಎಣಿಸು...” ಸ್ವಲ್ಪ ಹೊತ್ತಲ್ಲೇ ಅವ ಎಲ್ಲ ಬಿಟ್ಟು ಫೋನಿಗೆ ಕೈ ಹಾಕಿದ. ಮತ್ತೆ ನಾನು ಅಮ್ಮನತ್ರ ಏನೂ ಹೇಳದೆ ಕೂತ್ಕೊಳ್ಳಿ ಅಂದೆ. ಅದೇ ಬ್ಲಾಕ್ಸ್ ಬಸ್ಸಾಯ್ತು, ಲೋಟ ಡ್ರೈವರ್, ಕುಂಬಳೆಯಲ್ಲಿ ಜನ ಹತ್ತಿದ್ರು, ಒಬ್ಬನ ಹತ್ರ ಚಿಲ್ಲರೆ ಇಲ್ಲ ಅಂತ ಜಗಳವೂ ಆಯ್ತು!

ಅಮ್ಮನಿಗೆ ನಾನು ಹೇಳಿದ್ದು ಇದನ್ನೇ, ಲೋಟವನ್ನ ಡ್ರೈವರ್ ಅಂತ ಇಟ್ಕೊಳ್ಳುವ ತಲೆಯೇ ಮುಂದೆ ಒಂದು ಗೀಟನ್ನ ‘ಅ’ ಅಂತ ಇಟ್ಕೊಳ್ಳುದು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಕೂಡ ಸುಳ್ಳುಸುಳ್ಳೇ ಆಟ, ಚಿತ್ರ, ಬರವಣಿಗೆ ಎಲ್ಲ ಒಂದೇ ದಾರಿಯ ಹಂತಗಳು ಅಂದಿದ್ದಾರೆ. ಅವ ಕಲೀತಾ ಇದ್ದಾನೆ, ನೀವು ಪರೀಕ್ಷೆ ಮಾಡುವಾಗ ನಿಲ್ಲಿಸ್ತಾನೆ ಅಷ್ಟೇ.

ಆಗ ಅವರು ಅತ್ತುಬಿಟ್ರು. “ನಾಳೆ ಹಿಂದೆ ಬಿದ್ರೆ ಎಲ್ಲರೂ ನನ್ನನ್ನೇ ಹೇಳುದು ಮೇಡಂ, ಅವರು ಇಲ್ಲಿಲ್ವಲ್ಲ.” ಗಂಡ ಗಲ್ಫಲ್ಲಿರುವ ಎಷ್ಟೋ ಮನೆಗಳಲ್ಲಿ ಈ ಹೆದರಿಕೆ ಉಂಟು, ಅದು ಮಗುವಿನ ಪೆನ್ಸಿಲ್ ಮೇಲೆ ಬಂದು ಕೂರ್ತದೆ. ಅದಕ್ಕೇ ಮುಂದಿನ ಸಲ ಅಪ್ಪನನ್ನೂ ಫೋನಲ್ಲಿ ಸೇರಿಸ್ಕೊಂಡೆ.

ಸಂಜೆ ಬರೆಸುದು ಪೂರ್ತಿ ಬಂದ್ ಮಾಡ್ಲಿಕ್ಕೆ ಹೇಳಿದೆ. ಅದರ ಬದಲು 20 ನಿಮಿಷ ಫೋನ್ ಆಚೆ ಇಟ್ಟು ಅವನೊಟ್ಟಿಗೆ ಕೂತ್ಕೊಳ್ಳಿ, ಆಟ ಅವನದ್ದು, ಪ್ರಶ್ನೆ ಬೇಡ, ತಿದ್ದುದು ಬೇಡ, “ಓ, ಬಸ್ಸು ಹೊರಟಿತು” ಅಂತ ಕಂಡದ್ದನ್ನ ಹೇಳಿದ್ರೆ ಸಾಕು, ಪ್ಯಾಸೆಂಜರ್ ಆಗು ಅಂದ್ರೆ ಆಗಿ. ಹಾಳೆ ಎಳೀಲಿ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, 3-4 ವರ್ಷದವರಿಗೆ ದಿನಕ್ಕೆ ಕನಿಷ್ಠ 3 ಗಂಟೆ ಮೈ ಅಲುಗಾಡ್ಬೇಕು, ಸ್ಕ್ರೀನ್ 1 ಗಂಟೆಗಿಂತ ಹೆಚ್ಚು ಬೇಡ. ಬೆರಳಿಗೆ ಬಲ ಬರ್ಲಿಕ್ಕೆ ಅಜ್ಜಿಯೊಟ್ಟಿಗೆ ಅಲಸಂಡೆ ಬಿಡಿಸಲಿ, ಚಪಾತಿ ಹಿಟ್ಟು ನಾದಲಿ. ಟೀಚರ್ ಹತ್ರ ಮಾತಾಡಿ, 2020ರ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗೆ ಆಟದಿಂದಲೇ ಕಲಿಸಿ ಅಂತದೆ. ಅಪ್ಪನಿಗೆ ಹೇಳಿದ್ದು, ಕೇಳ್ಬೇಡಿ, ಅವ ತೋರಿಸಿದ್ದನ್ನ ನೋಡಿ.

ಈಗ ಅಳುದು ಕಮ್ಮಿಯಾಗಿದೆ, “ಸರಿಯಾ” ಪೂರ್ತಿ ಹೋಗ್ಲಿಲ್ಲ, ಟೈಮ್ ಬೇಕು. ಆದ್ರೆ ಎಲ್ಲ ಮಕ್ಕಳಿಗೂ ಇದೇ ಸಾಕು ಅಂತ ತಿಳ್ಕೊಳ್ಬೇಡಿ: 4 ವರ್ಷ ಆದ್ರೂ ಈ ತರ ಸುಳ್ಳುಸುಳ್ಳೇ ಆಟ ಆಡುದೇ ಇಲ್ಲ, ಹೆಸರು ಕರೆದ್ರೆ ತಿರುಗುದಿಲ್ಲ, ಮುಖ ನೋಡುದಿಲ್ಲ, ಮಾತು ಬರ್ಲಿಲ್ಲ ಅಂತಾದ್ರೆ ಕಾಯ್ಬೇಡಿ, ಮಕ್ಕಳ ಡಾಕ್ಟರಿಗೆ ತೋರ್ಸಿ.