ತಂಗಿಗೆ ಬಣ್ಣ, ಜೇಡಿಮಣ್ಣು ಕೊಟ್ಟು ಚಿಕಿತ್ಸೆ ಅಂತಾರೆ. ಇದು ನಿಜವಾ, ಟೈಂಪಾಸಾ?

ಅಪ್ಪ ತೀರಿಕೊಂಡ ಮೇಲೆ ನಿಮ್ಮ ತಂಗಿ ಆರು ತಿಂಗಳಿಂದ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿಲ್ಲ, ಯಾದಗಿರಿಯ ಕೌನ್ಸೆಲರ್ ಒಬ್ಬರು ಅವಳಿಗೆ ಕ್ರೇಯಾನ್, ಜೇಡಿಮಣ್ಣು ಕೊಟ್ಟು ಕೂರಿಸುತ್ತಾರೆ ಅಂತ ಬರೆದಿದ್ದೀರಿ. 'ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ, ಇದಕ್ಕೆ ದುಡ್ಡು ಬೇರೆ' ಅಂತ ಮನೆಯವರು ನಗುತ್ತಾರೆ ಅಂತಲೂ ಹೇಳಿದ್ದೀರಿ.

ಇದಕ್ಕೆ 'ಆರ್ಟ್ ಥೆರಪಿ', ಅಂದ್ರೆ ಕಲೆಯ ಮೂಲಕ ಮನಸ್ಸಿಗೆ ಚಿಕಿತ್ಸೆ, ಅಂತಾರೆ. ಗೆರೆ ಎಳೆಯೋಕೆ ಬರದಿರುವುದೇ ಅವಳಿಗೆ ಅನುಕೂಲ ಅಂತೀನಿ ನಾನು.

ನಾನು ಬೀದರ್‌ನವನು, ಇಪ್ಪತ್ತು ವರ್ಷದಿಂದ ಬಿದ್ರಿ ಕೆಲಸ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಮೈಲುತುತ್ತ ಸವರಿ, ಅದರ ಮೇಲೆ ಬಳ್ಳಿ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಕೂರಿಸಬೇಕು. ಕೊನೆಗೆ ಕೋಟೆ ಮಣ್ಣು, ನವಸಾಗರ ಕಲಸಿ ತಿಕ್ಕಿದರೆ ಹೂಜಿ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಕಲೆಯಿಂದಲೇ ಮನಸ್ಸು ವಾಸಿಯಾಗೋದಾದ್ರೆ ನನಗೆ ಏನೂ ಆಗಬಾರದಿತ್ತು ಅಲ್ವಾ? ದಿನಕ್ಕೆ ಎಂಟು ಗಂಟೆ ಅದೇ ಮಾಡುತ್ತೇನೆ.

2021ರ ಎರಡನೇ ಅಲೆಯಲ್ಲಿ ಅಣ್ಣ ಹೋದ. ನನಗೆ ಉಳಿ ಹಿಡಿಯೋದು ಕಲಿಸಿದವನು ಅವನೇ. ಪಕ್ಕದಲ್ಲಿ ಅವನ ಮಣೆ ಖಾಲಿ. ನನ್ನ ಕೈ ತನ್ನಷ್ಟಕ್ಕೆ ಬಳ್ಳಿ ಕೊರೆಯುತ್ತಿತ್ತು, ರಾತ್ರಿ ನಿದ್ದೆ ಇಲ್ಲ, ಊಟ ಸೇರಲ್ಲ. ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಇದೇ ಚಿಕಿತ್ಸೆ ಕೊಡೋಕೆ ಹೈದರಾಬಾದಿನಿಂದ ತಿಂಗಳಿಗೆ ಎರಡು ಸಲ ಬರುತ್ತಿದ್ದ ಒಬ್ಬ ಮೇಡಂ ಹತ್ತಿರ ಕಳಿಸಿದರು.

ಮೊದಲ ದಿನ ಹಾಳೆ ಕೊಟ್ಟರು. ನಾನು ಗತ್ತಿನಿಂದ ಚೆಂದದ ಬಳ್ಳಿ ಬಿಡಿಸಿದೆ. ನೋಡಿ, 'ಅಂಗಡಿಯಲ್ಲಿ ಇಡಬಹುದು' ಅಂದು ಪಕ್ಕಕ್ಕಿಟ್ಟರು. ಆಮೇಲೆ, 'ಎಡಗೈಯಲ್ಲಿ ಬಿಡಿಸಿ' ಅಂದರು.

ಎಡಗೈಗೆ ಏನು ಬರುತ್ತೆ? ಮಗು ಗೀಚಿದ ಹಾಗೆ ಸೊಟ್ಟದೊಂದು ಬಾಗಿಲು ಬಂತು. ಅದರ ಅರ್ಥ ಏನು ಅಂತ ಅವರು ಕೇಳಲೇ ಇಲ್ಲ. ಸುಮ್ನೆ ನೋಡುತ್ತಾ ಕೂತಿದ್ದು, 'ಚಿಲಕ ಎಲ್ಲಿದೆ, ಒಳಗಾ ಹೊರಗಾ?' ಅಂದರು. ನಾನು ಬಹಳ ಹೊತ್ತು ಮಾತಾಡಲಿಲ್ಲ. 'ಹೊರಗೆ. ನಾನೇ ಹಾಕಿ ಬಂದೆ' ಅಂದೆ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿ ಮನೆಗೆ ಬಂದವನು ನಾನು. ಮತ್ತೆ ಅವನ ಮುಖ ನೋಡಲಿಲ್ಲ. ಅಷ್ಟು ದಿನ ಯಾರ ಮುಂದೆಯೂ ಬಾಯಿಗೆ ಬಾರದ ಮಾತು ಅದು.

ನನಗೆ ತಿಳಿದ ಮಟ್ಟಿಗೆ ಈ ಚಿಕಿತ್ಸೆ ನಡೆಯೋದು ಹೀಗೆ. ನೇರವಾಗಿ ಕೇಳಿದರೆ ಬಾಯಿ ಕಟ್ಟುತ್ತೆ. ನಡುವೆ ಒಂದು ಹಾಳೆ ಇದ್ದರೆ ಇಬ್ಬರೂ ಅದನ್ನು ನೋಡಿಕೊಂಡು ಮಾತಾಡಬಹುದು, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಕೈ ಪಳಗಿದ್ದರೆ ಅದೇ ಒಂದು ಮರೆ. ನಾನು ಬಳ್ಳಿಯ ಹಿಂದೆ ಅಡಗಿಕೊಂಡಿದ್ದೆ. ನಿಮ್ಮ ತಂಗಿಗೆ ಆ ಮರೆ ಇಲ್ಲ.

ಇದು ಹೊಸದಾಗಿ ಹುಟ್ಟಿದ ಫ್ಯಾಷನ್ ಅಲ್ಲ. ಏಡ್ರಿಯನ್ ಹಿಲ್ ಅನ್ನೋ ಇಂಗ್ಲಿಷ್ ಚಿತ್ರಕಾರ ಕ್ಷಯ ಬಂದು ಸ್ಯಾನಟೋರಿಯಂನಲ್ಲಿ ಮಲಗಿದ್ದಾಗ ಚಿತ್ರ ಬಿಡಿಸಿ ತನಗೇ ಹಗುರಾದದ್ದನ್ನು ಕಂಡು, ಬೇರೆ ರೋಗಿಗಳಿಗೂ ಕಲಿಸಿದ. 'ಆರ್ಟ್ ಥೆರಪಿ' ಅನ್ನೋ ಹೆಸರು 1942ರಲ್ಲಿ ಅವನು ಇಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಲೆಯಿಂದ ಆರೋಗ್ಯಕ್ಕೆ ಉಪಯೋಗ ಇದೆ ಅಂತ ವರದಿ ಕೊಟ್ಟಿತು. ಹಾಗಂತ ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ನಿಲ್ಲಿಸಬೇಡಿ. ಮಾತ್ರೆ ಇಲ್ಲದಿದ್ದರೆ ನಾನು ಆ ಕುರ್ಚಿಯಲ್ಲಿ ಹತ್ತು ನಿಮಿಷವೂ ಕೂರುತ್ತಿರಲಿಲ್ಲ. ಮಾತು, ಬಣ್ಣ, ಔಷಧಿ ಎಲ್ಲ ಕೂಡಿಯೇ ನಡೆಯಬೇಕು.

ಒಂದು ವಿಷಯ ಮೊದಲೇ ತಿಳಿದಿರಲಿ: ಶುರುವಿನಲ್ಲಿ ಅಳು ಜಾಸ್ತಿ ಆಗಬಹುದು. ಮೇಡಂ ನನಗೆ ಮನೆಯಲ್ಲಿ ಬರೆಯೋಕೂ ಹೇಳಿದ್ದರು. ಅದು ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಅವರ ಪದ್ಧತಿ. 1986ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸು ಕಲಕಿದ ಘಟನೆ ಬಗ್ಗೆ ಬರೆದರು. ಬರೆದ ಹೊತ್ತಿನಲ್ಲಿ ಮನಸ್ಸು ಇನ್ನೂ ಭಾರ ಆಯ್ತು. ಆದರೆ ನಡೆದದ್ದರ ಜೊತೆ ತಮಗೆ ಅನಿಸಿದ್ದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ್ ಹತ್ತಿರ ಹೋಗಿದ್ದು ಕಡಿಮೆ. ನಾನು ಎರಡನೇ ದಿನಕ್ಕೇ ನಿಲ್ಲಿಸಿದೆ, ಆಗಲಿಲ್ಲ. 'ಬಿಡಿ, ಮಣ್ಣು ತಗೊಳ್ಳಿ' ಅಂದರು ಮೇಡಂ. ಬೈಯಲಿಲ್ಲ.

ಮೋಸದವರೂ ಇದ್ದಾರೆ. ಮೇಡಂ ಹತ್ತಿರ ಹೋಗೋಕೂ ಮುಂಚೆ ನಾನು ಇಂಥದ್ದೇ ಒಂದು ದಿನದ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಒಬ್ಬರು ನನ್ನ ಮರದ ಚಿತ್ರ ನೋಡಿ, 'ಬೇರು ಬಿಡಿಸಿಲ್ಲ, ಅಂದ್ರೆ ನಿಮಗೆ ತಾಯಿ ಪ್ರೀತಿ ಸಿಕ್ಕಿಲ್ಲ' ಅಂದರು. ಎಲ್ಲರ ಮುಂದೆ! ಗಿಣಿಶಾಸ್ತ್ರದವನು ವಾಸಿ, ಹತ್ತಿಪ್ಪತ್ತು ರೂಪಾಯಿಗೆ ಹೇಳಿ ಬಿಡುತ್ತಾನೆ. ಚಿತ್ರ ನೋಡಿ ತೀರ್ಪು ಕೊಡೋರ ಹತ್ತಿರ ತಂಗಿಯನ್ನು ಕಳಿಸಬೇಡಿ. ಈಗಿನ ಕೌನ್ಸೆಲರ್‌ಗೆ ಏನು ಓದಿದ್ದೀರಿ, ಡಾಕ್ಟರ್ ಜೊತೆ ಮಾತಾಡ್ತೀರಾ, ಚಿತ್ರಗಳನ್ನು ಯಾರಿಗಾದ್ರೂ ತೋರಿಸ್ತೀರಾ ಅಂತ ಕೇಳಿ. ಕೇಳೋದು ತಪ್ಪಲ್ಲ. ಅವಳು ಬದುಕೋದು ಬೇಡ ಅನ್ನೋ ಥರ ಮಾತಾಡಿದರೆ ಮುಂದಿನ ಭೇಟಿಗೆ ಕಾಯಬೇಡಿ, ಸೀದಾ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ದಿನದ 24 ಗಂಟೆಯೂ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅವಳು ಬಿಡಿಸಿದ್ದನ್ನು ಗೋಡೆಗೆ ಅಂಟಿಸಬೇಡಿ, ಮನೆಯವರ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ. ಚೆನ್ನಾಗಿದೆ ಅಂತಲೂ ಹೇಳಬೇಡಿ. ಹೇಳಿದರೆ ಮುಂದಿನ ಸಲ ನಿಮಗೋಸ್ಕರ ಬಿಡಿಸ್ತಾಳೆ. ನನ್ನ ಬಾಗಿಲು ಮೈಲುತುತ್ತದ ಡಬ್ಬಿ ಕೆಳಗೆ ಮಡಚಿ ಇಟ್ಟಿದ್ದೇನೆ, ಹೆಂಡತಿಯೂ ನೋಡಿಲ್ಲ. ಮನೆಗೆ ಬಣ್ಣ ತರೋದಾದ್ರೆ ಮಕ್ಕಳ ಕ್ರೇಯಾನ್ ಸಾಕು, ಹಾಳೆ ಒಂದು ಕಡೆ ಬರೆದದ್ದಾದ್ರೂ ನಡೆಯುತ್ತೆ. ದುಬಾರಿ ಹಾಳೆ ಮುಂದಿಟ್ಟರೆ ಕೆಟ್ಟು ಹೋಗುತ್ತೆ ಅಂತ ಕೈ ಹಿಂದೆ ಸರಿಯುತ್ತೆ.