ಹಾವ್ಡಾದಿಂದ ಮಾಯಾಪುರಕ್ಕೆ: ಕೃಷ್ಣನಗರದ ಲೋಕಲ್ ಯಾಕೆ ಸಿಗುತ್ತಿಲ್ಲ

ಬೆಂಗಳೂರಿನಿಂದ ಅಪ್ಪ ಅಮ್ಮನ ಜೊತೆ ಹಾವ್ಡಾಕ್ಕೆ ಬಂದು, ಅಲ್ಲಿಂದ ಮಾಯಾಪುರದ ಇಸ್ಕಾನ್ ದೇವಸ್ಥಾನಕ್ಕೆ ಹೋಗಲು ಕೃಷ್ಣನಗರದ ಲೋಕಲ್ ರೈಲು ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಹಾವ್ಡಾ ಅಂತ ಹಾಕಿ ಹುಡುಕುತ್ತಿದ್ದೀರಿ, ಬಹುಶಃ ಅದೇ ತೊಂದರೆ. ಕೃಷ್ಣನಗರದ ಲೋಕಲ್‌ಗಳು ಹೊರಡುವುದು ಹೂಗ್ಲಿ ನದಿಯ ಆಚೆ, ಸಿಯಾಲ್ದಾ ನಿಲ್ದಾಣದಿಂದ. ಅಪ್ಪ ಅಮ್ಮನನ್ನು ಲಗೇಜ್ ಸಮೇತ ಕೋಲ್ಕತ್ತದ ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಕರೆದೊಯ್ಯುವುದು ಸುಮ್ನೆ ಸುಸ್ತು. ಮಾಯಾಪುರದ ಎದುರು ದಡದಲ್ಲಿರುವ ನವದ್ವೀಪದ ದಾರಿ ಹಿಡಿಯಿರಿ.

ಬೆಂಗಳೂರಿನ ರೈಲುಗಳು ಸಾಮಾನ್ಯವಾಗಿ ಹಾವ್ಡಾದ ಹೊಸ ಕಟ್ಟಡದ ಕಡೆ ನಿಲ್ಲುತ್ತವೆ. ನಿಮ್ಮ ರೈಲು ಹಾವ್ಡಾಕ್ಕೇ ಬರುತ್ತದೆಯೇ ಅಂತ ಟಿಕೆಟ್ ಒಮ್ಮೆ ನೋಡಿಕೊಳ್ಳಿ. ಹಾವ್ಡಾದಲ್ಲಿ ಇಳಿದರೆ ಹಳೆಯ ಕಟ್ಟಡಕ್ಕೆ ನಡೆದು ಬನ್ನಿ. ಅಲ್ಲಿಂದ ಬ್ಯಾಂಡೆಲ್ ಮೇಲೆ ಹೋಗುವ ಕಾಟ್ವಾ ಲೋಕಲ್ ಹತ್ತಿ. ಟಿಕೆಟ್ 'ನವದ್ವೀಪ ಧಾಮ'ಕ್ಕೆ ತೆಗೆದುಕೊಳ್ಳಿ, ಮಾಯಾಪುರ ಅಂತ ಕೇಳಬೇಡಿ. ಎರಡರಿಂದ ಎರಡೂವರೆ ಗಂಟೆ ಹಿಡಿಯಬಹುದು. ಬೆಳಿಗ್ಗೆ ಆಫೀಸಿನ ಗುಂಪು ಹಾವ್ಡಾದ ಕಡೆ ಬರುತ್ತಿರುತ್ತದೆ, ನೀವು ಎದುರು ದಿಕ್ಕಿಗೆ ಹೋಗುವುದರಿಂದ ಸೀಟು ಸಿಗುವ ಸಾಧ್ಯತೆ ಜಾಸ್ತಿ.

ನಿಲ್ದಾಣದ ಹೊರಗೆ ಬ್ಯಾಟರಿ ರಿಕ್ಷಾಗಳು ನಿಂತಿರುತ್ತವೆ, ಅಲ್ಲಿ ಅದಕ್ಕೆ 'ಟೋಟೋ' ಅನ್ನುತ್ತಾರೆ. 'ಮಾಯಾಪುರ ಘಾಟ್' ಅಂದರೆ ಸಾಕು. ಅಲ್ಲಿ ದೋಣಿಯಲ್ಲಿ ಭಾಗೀರಥಿ ದಾಟಬೇಕು. ಜಲಂಗಿ ನದಿ ಬಂದು ಸೇರುವ ಜಾಗವೂ ಅಲ್ಲೇ. ದೋಣಿ ಹತ್ತುವ ಹಲಗೆ ಅಲುಗಾಡುತ್ತದೆ, ಅಮ್ಮನ ಕೈ ಬಿಡಬೇಡಿ. ಆಚೆ ದಡದಿಂದ ದೇವಸ್ಥಾನಕ್ಕೆ ಮತ್ತೆ ಟೋಟೋ.

ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ ದೋಣಿ ಬೇಡ. ಹಾವ್ಡಾದಿಂದಲೇ ಟ್ಯಾಕ್ಸಿ ಮಾಡಿ, ಕೃಷ್ಣನಗರದ ಮೇಲೆ ಬಾಗಿಲ ತನಕ ರಸ್ತೆ ಇದೆ. ಸಂಜೆಯ ಮೇಲೆ ತಲುಪುವಂತಿದ್ದರೆ, ಕೊನೆಯ ದೋಣಿ ಎಷ್ಟಕ್ಕೆ ಅಂತ ನೀವು ಉಳಿಯುವ ಜಾಗಕ್ಕೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.