ಪೊಲೀಸನೂ ಅವನೇ, ಗ್ಯಾಂಗಿನ ಯಜಮಾನನೂ ಅವನೇ

ಪ್ರಶ್ನೆ: 2012ರ ‘ದಿ ಲಾಸ್ಟ್ ಟೈಕೂನ್’ ನೋಡಿದೆ. ಶಾಂಘೈ ಕತೆ, ಚೌ ಯುನ್-ಫ್ಯಾಟ್ ಹೀರೋ. ಸಾಮೋ ಹಂಗ್ ಮಾಡಿರುವ ಪೊಲೀಸ್ ಅಧಿಕಾರಿಯೇ ಗ್ಯಾಂಗಿಗೂ ಒಡೆಯ! ಜಪಾನಿನವರು ಬಂದ ಮೇಲಂತೂ ಯಾರು ಯಾರ ಕಡೆ ಅಂತಲೇ ತಿಳಿಯಲಿಲ್ಲ. ಇದೆಲ್ಲ ಸುಮ್ನೆ ಮಸಾಲೆಯಾ, ನಿಜವಾಗಿ ಹೀಗಿತ್ತಾ?

ಉತ್ತರ: ಇತ್ತು. ಗುಂಡಿನ ಸದ್ದು ಸಿನಿಮಾದಲ್ಲಿ ಜಾಸ್ತಿ ಇರಬಹುದು, ಆದರೆ ಆ ಪೊಲೀಸನಂಥವನು ನಿಜಕ್ಕೂ ಇದ್ದ. ಹುವಾಂಗ್ ಜಿನ್‌ರೊಂಗ್ ಅಂತ. ಶಾಂಘೈನಲ್ಲಿ ಫ್ರೆಂಚರು ಆಳುತ್ತಿದ್ದ ಭಾಗದ ಪೊಲೀಸ್ ಪಡೆಯಲ್ಲಿ ಚೀನೀ ಪತ್ತೇದಾರರಿಗೆಲ್ಲ ಮುಖ್ಯಸ್ಥ. ಜೊತೆಗೇ ಅಫೀಮು, ಜೂಜು ನಡೆಸುವವರ ಯಜಮಾನ. ಫ್ರೆಂಚರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಊರು ತಣ್ಣಗಿದ್ದರೆ ಸಾಕು ಅಂತ ಸುಮ್ಮನಿದ್ದರು.

ಆ ಊರಿನ ಅಂದಿನ ನಕ್ಷೆ ಒಮ್ಮೆ ನೋಡಿ, ಅರ್ಧ ಕತೆ ಅಲ್ಲೇ ಸಿಗುತ್ತದೆ. ಒಂದು ಭಾಗ ಫ್ರೆಂಚರದ್ದು, ಇನ್ನೊಂದು ಬ್ರಿಟಿಷರು, ಅಮೆರಿಕನ್ನರ ಹಿಡಿತದಲ್ಲಿದ್ದ ಇಂಟರ್‌ನ್ಯಾಷನಲ್ ಸೆಟ್ಲ್‌ಮೆಂಟ್, ಉಳಿದದ್ದು ಚೀನಾದ್ದು. ಮೂರಕ್ಕೂ ಬೇರೆ ಬೇರೆ ಪೊಲೀಸರು, ಬೇರೆ ಬೇರೆ ಕಾನೂನು. ಇವತ್ತಿನ ಯಾನ್‌ಆನ್ ರಸ್ತೆಯ ಪೂರ್ವ ಭಾಗ ಆಗ ಎರಡು ವಿದೇಶಿ ಆಡಳಿತಗಳ ಗಡಿ. ಒಂದು ಕಡೆ ಕೈಚಳಕ ತೋರಿಸಿ ರಸ್ತೆ ದಾಟಿಬಿಟ್ಟರೆ ಬೆನ್ನಟ್ಟಿದ ಪೊಲೀಸ್ ಕೈಕಟ್ಟಿ ನಿಲ್ಲಬೇಕಿತ್ತು. ಅಂಥ ಊರಿನಲ್ಲಿ ಬದುಕಬೇಕು ಅಂದರೆ ಆಚೆ ಕಡೆಯೂ ಒಬ್ಬ ‘ನಮ್ಮವನು’ ಬೇಕೇ ಬೇಕಲ್ವಾ?

ಇನ್ನು ತನ್ನ ಗುರುವಾದ ಆ ಪೊಲೀಸನ ಎದುರು ಹೀರೋ ಒದ್ದಾಟ. ಆಗ ಶಾಂಘೈ ಆಳುತ್ತಿದ್ದ ಗುಪ್ತ ಸಂಘ ಗ್ರೀನ್ ಗ್ಯಾಂಗ್ ಸೇರುವವನು ಊದುಬತ್ತಿ ಹಚ್ಚಿ, ಗುರುವಿನ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ ನಮಸ್ಕರಿಸಬೇಕಿತ್ತು. ಅವತ್ತಿನಿಂದ ಗುರುವೇ ತಂದೆ, ಜೊತೆಗಾರರೇ ಅಣ್ಣತಮ್ಮಂದಿರು. ಅಂಥ ಗುರುವಿಗೆ ಎದುರು ನಿಲ್ಲುವುದು ಹುಡುಗಾಟವಲ್ಲ. ಹಾಗಂತ ಅವರ ಮಾತಿಗೆಲ್ಲ ಬೆಲೆ ಇತ್ತು ಅಂತ ತಿಳಿಯಬೇಡಿ. ಚೌ ಪಾತ್ರಕ್ಕೆ ಎಳೆ ಕೊಟ್ಟವನು ಈ ಗ್ಯಾಂಗಿನ ನಾಯಕ ಡು ಯುಯೆಶೆಂಗ್. 1927ರ ಏಪ್ರಿಲ್ 11ರ ರಾತ್ರಿ ಇವನು ಕಾರ್ಮಿಕ ನಾಯಕ ವಾಂಗ್ ಶೌಹುವಾನನ್ನು ಮನೆಗೆ ಊಟಕ್ಕೆ ಕರೆದ. ಬಂದವನನ್ನು ಡು ಕಡೆಯವರು ಕೊಂದು ಹೂತರು. ಮರುದಿನ ಬೆಳಗಾಗುವಷ್ಟರಲ್ಲಿ ಗ್ಯಾಂಗಿನವರು ಚೀನಾದ ರಾಷ್ಟ್ರೀಯವಾದಿ ಸೇನಾ ನಾಯಕ ಚಿಯಾಂಗ್ ಕೈ-ಶೆಕ್ ಪರವಾಗಿ ಕಾರ್ಮಿಕರ ಮೇಲೆ ಮುಗಿಬಿದ್ದಿದ್ದರು. ಊಟಕ್ಕೆ ಕರೆದು ಕೊಂದವರು ನಿಷ್ಠೆಯ ಮಾತಾಡುತ್ತಿದ್ದರು ಅನ್ನುವುದು ನನಗೆ ಇಂದಿಗೂ ಅರಗದ ಸಂಗತಿ.

ಆಮೇಲೆ 1937ರಲ್ಲಿ ಜಪಾನ್ ಬಂತು. ಹುವಾಂಗ್, ಡು, ಜಾಂಗ್ ಶಿಯಾವೋಲಿನ್, ಈ ಮೂವರು ಒಟ್ಟಿಗೆ ಊರನ್ನು ಕೈಯಲ್ಲಿಟ್ಟುಕೊಂಡಿದ್ದವರು. ಈಗ ಮೂರು ದಿಕ್ಕಾದರು. ಡು ಹಾಂಗ್‌ಕಾಂಗ್‌ಗೆ ಹೋಗಿ ಚಿಯಾಂಗ್ ಪರ ಕೆಲಸ ಮಾಡಿದ. ಜಾಂಗ್ ಜಪಾನಿನ ಜೊತೆ ಸೇರಿದ, 1940ರಲ್ಲಿ ತನ್ನ ಅಂಗರಕ್ಷಕನ ಗುಂಡಿಗೇ ಸತ್ತ. ಹುವಾಂಗ್ ಊರಲ್ಲೇ ಉಳಿದು ಯಾವುದಕ್ಕೂ ಕೈ ಹಾಕಲಿಲ್ಲ. ಸಿನಿಮಾದ ಗುರು-ಶಿಷ್ಯರ ಜಗಳವನ್ನು ಇದರ ಪಕ್ಕ ಇಟ್ಟು ಇನ್ನೊಮ್ಮೆ ನೋಡಿ, ಎಷ್ಟೋ ದೃಶ್ಯಗಳ ತೂಕವೇ ಬೇರೆಯಾಗುತ್ತದೆ.

ಪ್ರಶ್ನೆ: ಇದೇ ತರಹದ್ದು, ಹೊಡೆದಾಟ ಕಡಿಮೆ ಇರುವ ಸಿನಿಮಾ ಹೇಳಿ.

ಉತ್ತರ: ಜಾಂಗ್ ಯಿಮೌ ಅವರ 1995ರ ‘ಶಾಂಘೈ ಟ್ರಯಾಡ್’. ಹಳ್ಳಿಯಿಂದ ಬಂದ ಹುಡುಗನೊಬ್ಬ ಗ್ಯಾಂಗ್ ಯಜಮಾನನ ಮನೆಯಲ್ಲಿ ಕಂಡದ್ದೇ ಕತೆ. ಗಾಯಕಿಯಾಗಿ ಗಾಂಗ್ ಲಿ. ಬಂದೂಕು ಅಪರೂಪ, ಆದರೂ ಭಯ ಬಿಡುವುದಿಲ್ಲ. ರಾತ್ರಿ ದೀಪ ಆರಿಸಿ ನೋಡಿ.